ಹಡಗು ಹತ್ತದ ಬೇಟೆ

ಮಧುಗಿರಿಯ ಶ್ರೀಮಂತರೊಬ್ಬರ ಬಳಿ ನಾನು ಇಂಗ್ಲಿಷ್ ಕಾಗದ ಓದಿ ಹೇಳುವ ಗುಮಾಸ್ತನಾಗಿದ್ದೆ. ಒಂದು ದಿನ ಅವರು ಹಡಗು ಕಂಪನಿಯ ಪುಸ್ತಿಕೆಗಳನ್ನು ನನ್ನ ಮುಂದೆ ಹರಡಿದರು. ಆಫ್ರಿಕಾದಲ್ಲಿ ಸಿಂಹ, ಬರ್ಮಾದಲ್ಲಿ ಕಾಡುಕೋಣ, ಸಿಲೋನಿನಲ್ಲಿ ಚಿರತೆ.

"ಬೇಟೆಗೆ ಯಾವ ದೇಶ ವಾಸಿ, ನೀನೇ ಹೇಳಯ್ಯ. ಎಲ್ಲಿಗೆ ಹೋದರೂ ನೀನೂ ಜೊತೆಗೆ ಬರಬೇಕು" ಎಂದರು.

ಸಮುದ್ರ ದಾಟಿ ಬಂದರೆ ಮಗನಾದರೂ ಸರಿ, ನನ್ನ ತಾಯಿ ಅಡುಗೆಮನೆಗೆ ಸೇರಿಸುವವಳಲ್ಲ. ನಾನೇನು ಮಹಾ ಮಡಿವಂತನಲ್ಲ, ಬರೀ ಪುಕ್ಕಲ. ಆಫ್ರಿಕಾದಲ್ಲಿ ಜ್ವರ, ಬರ್ಮಾದಲ್ಲಿ ಮಳೆ ಎಂದು ಒಂದೊಂದಕ್ಕೂ ಕೊಂಕು ತೆಗೆದೆ. ಕೊನೆಗೆ ಬೇಕೆಂದೇ ಹೇಳಿದೆ: "ಅಷ್ಟು ದೂರ ಯಾಕೆ ಸ್ವಾಮಿ? ಮೈದನಹಳ್ಳಿ ಬಯಲಲ್ಲೇ ಜಿಂಕೆಗಳು ಹಿಂಡು ಹಿಂಡಾಗಿವೆ."

ಮರುವಾರವೇ ಹೋದೆವು. ಕುರಿಗಳ ಜೊತೆ ಮೇಯುತ್ತಿದ್ದ ಜಿಂಕೆಗಳು ಬಂದೂಕು ಕಂಡು ಓಡಲಿಲ್ಲ. ತಲೆಯೆತ್ತಿ ನೋಡಿದವು, ಅಷ್ಟೆ. ಒಂಬತ್ತು ಬಿದ್ದವು.

ಕುರಿ ಕಾಯುವ ಮುದುಕ ನನ್ನ ಹತ್ತಿರ ಬಂದ. "ಇವು ಮನುಸ್ರಿಗೆ ಹೆದರ್ತಾನೇ ಇರ್ಲಿಲ್ಲ ಕಣ್ ಸೋಮಿ. ಅವ್ರಿಗೆ ಈ ಜಾಗ ಯಾರು ತೋರ್ಸಿದ್ದು?" ಎಂದು ಕೇಳಿದ.

ಗೊತ್ತಿಲ್ಲ ಎಂದೆ.

ಸಂಜೆ ಮನೆಗೆ ಬಂದು ಸ್ನಾನ ಮಾಡಿದೆ. ತಾಯಿ ಏನನ್ನೂ ಕೇಳದೆ, ಅಡುಗೆಮನೆಯಲ್ಲೇ ಎಲೆ ಹಾಕಿ ಬಡಿಸಿದಳು.