ಹುಳ ಗೂಡು ಕಟ್ಟುವವರೆಗೆ

ನಮ್ಮ ಪ್ಯಾಕಿಂಗ್ ಸೆಕ್ಷನ್ನಿನವರೆಲ್ಲ ಸೇರಿ ಆ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಕಂಪನಿ ವ್ಯಾನಿನಲ್ಲಿ ದಿನಾ ನನ್ನ ಪಕ್ಕ ಕೂರುವ ಕುಂದಾಣದ ಮುನಿರಾಜಣ್ಣನಿಗೆ ಮೈ ವಾಸನೆಯ ವಿಷಯ ಹೇಳಬೇಕು, ಆದರೆ ಅವರಿಗೆ ನೋವಾಗಬಾರದು! ಊಟದ ಹೊತ್ತಿಗೆ ಅವರ ಪಕ್ಕ ಹೋಗಿ ಕೂತೆ. ಕಣ್ಣು ಮುಚ್ಚಿಕೊಂಡು ಹೇಳೇಬಿಟ್ಟೆ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಬೆವರು ವಾಸನೆ ಬರ್ತೈತೆ."

ಅವರ ಮುಖ ಅರಳಿಬಿಡಬೇಕೆ!

"ಅಬ್ಬಾ, ನೀನೇ ಮಾತು ತೆಗೆದೆಯಲ್ಲಪ್ಪಾ! ಮನೇಲಿ ರೇಷ್ಮೆ ಹುಳ ಸಾಕಿದ್ದೀವಿ. ಘಮಘಮ ಅನ್ನೋದು ಯಾವುದೂ ಅವಕ್ಕೆ ಆಗಲ್ಲ. ಅದಕ್ಕೇ ನಾನು ಸೋಪು, ಪೌಡರು ಎಲ್ಲ ಬಿಟ್ಟಿರೋದು. ಆದ್ರೆ ನಿನ್ನ ಸೆಂಟು ನನ್ನ ಶರ್ಟಿಗೆ ಅಂಟ್ಕೊಂಡು ಮನೆವರೆಗೂ ಬರ್ತೈತೆ ಕಣಪ್ಪಾ. ನಿಂಗೆ ಹೆಂಗೆ ಹೇಳೋದು ಅಂತ ಒಂದು ವಾರದಿಂದ ಒದ್ದಾಡ್ತಿದ್ದೀನಿ!"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಖುಷಿಯಲ್ಲಿ, ಹುಳ ಗೂಡು ಕಟ್ಟುವವರೆಗೂ ಸೆಂಟು, ಸೋಪು ಎರಡನ್ನೂ ಮುಟ್ಟಲ್ಲ ಅಂತ ನಾನೂ ಮಾತು ಕೊಟ್ಟುಬಿಟ್ಟೆ.

ನಿನ್ನೆ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಬೇಜಾರು ಮಾಡ್ಕೋಬೇಡ ಕಣೋ..."

"ಇನ್ನು ನಾಲ್ಕೇ ದಿನ ಸಾರ್," ಅಂದೆ, "ಗೂಡು ಕಟ್ಟಿಬಿಡ್ತಾವೆ!"