ಕೆರೆಯ ಗೊರವ, ಕಡಲ ಗೊರವ

ಪುಟ್ಟೇನಹಳ್ಳಿಯ ಪಿಳ್ಳಪ್ಪ ಹೊಲವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೊಟ್ಟ ವರ್ಷ, ಅಂದರೆ 2012ರಲ್ಲಿ, ಮೂರು ಸೀಮೆಹಸುಗಳೂ ಮನೆ ಬಿಟ್ಟವು. ಆದರೂ ಅವನ ಹೆಂಡತಿ ಗಂಗರತ್ನಮ್ಮನಿಗೆ ಬೆಳಗಿನ ಐದಕ್ಕೆ ಎಚ್ಚರವಾಗುವುದು ನಿಲ್ಲಲಿಲ್ಲ. ಎದ್ದು ಹಿತ್ತಲಿಗೆ ಹೋಗಿ, ಖಾಲಿ ಕೊಟ್ಟಿಗೆಯ ಮುಂದೆ ನಿಂತು, ಯಾಕೆ ಬಂದೆನೆಂದು ತಿಳಿಯದೆ ಒಳಗೆ ಬರುತ್ತಿದ್ದಳು. ಮೂವತ್ತು ವರ್ಷ ಹಾಲು ಕರೆದ ಕೈಗಳಿಗೆ ಕೆಲಸವಿರಲಿಲ್ಲ.

ಒಂದು ಭಾನುವಾರ ಮಗಳು ನಯನಾ ಬೀರು ಖಾಲಿ ಮಾಡುತ್ತ ತನ್ನ ಹಳೆಯ ಕ್ಯಾಮೆರಾವನ್ನು ತಾಯಿಯ ಮಡಿಲಿಗೆ ಹಾಕಿದಳು.

"ನಂಗೆ ಫೋನೇ ಸಾಕು ಕಣಮ್ಮ. ಇದ್ರಲ್ಲಿ ದೂರದ್ದೆಲ್ಲ ಹತ್ರ ಕಾಣುತ್ತೆ. ಕೆರೆ ಕಡೆ ಹೋಗ್ತಾ ತಗೊಂಡ್ಹೋಗು."

"ಅಲ್ಲಿ ಏನ್ ತೆಗೀಲಿ?"

"ಕಂಡಿದ್ದು ತೆಗಿ."

ಕಂಡದ್ದು ಹಕ್ಕಿಗಳು. ಮದುವೆಯಾಗಿ ಬಂದಾಗಿನಿಂದ ಆ ಕೆರೆಯಲ್ಲಿ ಬಟ್ಟೆ ಒಗೆದವಳು, ಹಸುಗಳಿಗೆ ನೀರು ಕುಡಿಸಿದವಳು. ಆದರೆ ಬೆಳ್ಳಕ್ಕಿ ನೀರಿನಿಂದ ಕಾಲೆತ್ತುವಾಗ ಬೆರಳುಗಳನ್ನು ಮುಷ್ಟಿಯ ಹಾಗೆ ಮಡಚಿಕೊಳ್ಳುತ್ತದೆ ಎಂಬುದು ಕ್ಯಾಮೆರಾದೊಳಗೆ ಇಣುಕುವ ತನಕ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ನೋಡಿದ್ದಾದರೂ ಏನನ್ನು ಎಂದು ಗಲಿಬಿಲಿಯಾಯಿತು.

ಯಲಹಂಕದಲ್ಲಿ ಸ್ಟುಡಿಯೋ ಇಟ್ಟಿದ್ದ ಮುಜಫ್ಫರ್ ಬಳಿ ಹೋಗಿ, "ಅಕ್ಕಿ ಫೋಟೋ ಅವೆ, ಪ್ರಿಂಟ್ ಆಕ್ಕೊಡಪ್ಪ" ಎಂದಳು.

"ಅಕ್ಕೀನಾ? ಅಂಗಡಿ ಬೋರ್ಡಿಗಾ ಅಮ್ಮಾ?"

"ಆರೋ ಅಕ್ಕಿ ಕಣಪ್ಪ!"

ಮರುವರ್ಷದ ಸೆಪ್ಟೆಂಬರಿನಲ್ಲಿ ಕೆರೆಯಂಚಿನ ಕೆಸರಲ್ಲಿ ಬಾಲ ಕುಣಿಸುತ್ತ ಓಡಾಡುವ ಸಣ್ಣ ಕಂದು ಹಕ್ಕಿಯೊಂದು ಕಂಡಿತು. ಅದರ ಒಂದು ಪಾದದಲ್ಲಿ ಎರಡು ಬೆರಳುಗಳೇ ಇರಲಿಲ್ಲ. ದಿನಾ ದುರ್ಬೀನು ಹಿಡಿದು ಬರುತ್ತಿದ್ದ ನಿವೃತ್ತ ಮೇಷ್ಟ್ರು ರಘುನಾಥ್ ಹೇಳಿದರು: "ಇದು ಗೊರವ. ಚಳಿಗಾಲಕ್ಕೆ ಬಹಳ ದೂರದಿಂದ ಬರುತ್ತೆ."

"ಎಷ್ಟ್ ದೂರ ಸಾರ್? ದೊಡ್ಡಬಳ್ಳಾಪುರಾನಾ?"

"ಹಿಮಾಲಯದಿಂದಮ್ಮ. ಕೆಲವು ಅದಕ್ಕೂ ಆಚೆಯಿಂದ."

ತಮಾಷೆ ಮಾಡುತ್ತಿದ್ದಾರೇನೋ ಎಂದು ಅವಳು ಅವರ ಮುಖ ನೋಡಿದಳು. ಎಂಟು ದಿನ ಆ ಹಕ್ಕಿಯ ಫೋಟೋ ತೆಗೆದಳು. ಒಂಬತ್ತನೆಯ ದಿನ ಅದು ಇರಲಿಲ್ಲ. ಹಸುಗಳು ಹೋದ ದಿನ ಅಳದವಳು ಅಂದು ಕಣ್ಣೊರೆಸಿಕೊಳ್ಳುತ್ತ ಕೆರೆಯನ್ನು ಎರಡು ಸುತ್ತು ಹಾಕಿದಳು. ಒಂದು ಹಕ್ಕಿಗೆ ಇಷ್ಟೊಂದೇ ಎಂದು ತನಗೇ ನಾಚಿಕೆಯೂ ಆಯಿತು.

ಡಿಸೆಂಬರಿನಲ್ಲಿ ನೆಂಟರೆಲ್ಲ ಸೇರಿ ಟೆಂಪೋದಲ್ಲಿ ಮುರುಡೇಶ್ವರಕ್ಕೆ ಹೋದರು. ಗಂಗರತ್ನಮ್ಮ ಸಮುದ್ರ ನೋಡಿದ್ದು ಅದೇ ಮೊದಲು. ಎಲ್ಲರೂ ದರ್ಶನದ ಸಾಲಿಗೆ ನಡೆದಾಗ ಅವಳು ಅಲೆ ಬಡಿಯುತ್ತಿದ್ದ ಬಂಡೆಯ ಕಡೆ ನೋಡಿದಳು. ಅಲ್ಲೊಂದು ಗೊರವ ಬಾಲ ಕುಣಿಸುತ್ತಿತ್ತು. ಕ್ಯಾಮೆರಾ ಎತ್ತಿದಳು. ಒಂದು ಪಾದದಲ್ಲಿ ಎರಡು ಬೆರಳಿಲ್ಲ!

ಸೀರೆ ಮೊಣಕಾಲಿನವರೆಗೆ ನೆನೆದದ್ದೂ ತಿಳಿಯಲಿಲ್ಲ. ಪಿಳ್ಳಪ್ಪ ಹುಡುಕಿಕೊಂಡು ಬಂದು ರೇಗಿದ: "ಸ್ವಾಮಿ ದರ್ಶನಕ್ಕೆ ಬಂದು ಅಕ್ಕಿ ಇಂದೆ ಓಡ್ತೀಯಲ್ಲೇ!"

"ನಮ್ ಕೆರೇದು ಕಣ್ರೀ ಅದು," ಎಂದಳು. ಹಾಗೆಂದ ಮರುಕ್ಷಣ ಅವಳಿಗೇ ಅನುಮಾನವಾಯಿತು.

ಊರಿಗೆ ಬಂದವಳೇ ಸ್ಟುಡಿಯೋಗೆ ಹೋದಳು. ಮುಜಫ್ಫರ್ ಎರಡೂ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟ. "ಒಂದೇ ಅಮ್ಮಾ, ಸೇಮ್ ಟು ಸೇಮ್!" ಎಂದವನು ತಕ್ಷಣ ಮುಂದಕ್ಕೆ ಬಗ್ಗಿದ. "ತಾಳಿ ತಾಳಿ. ಕೆರೇದು ಎಡಗಾಲು. ಇದು ಬೆನ್ನು ತಿರುಗಿಸಿದೆ, ಅಲೇಲಿ ಕಾಲು ಅರ್ಧ ಮುಳುಗಿದೆ, ಎಡಾನೋ ಬಲಾನೋ..." ಕೊನೆಗೆ ಎದ್ದು ಗೋಡೆಗೆ ಮುಖ ಮಾಡಿ ತಾನೇ ಒಂದು ಕಾಲೆತ್ತಿ ನಿಂತು ನೋಡಿದ. ಆಗಲೂ ಬಗೆಹರಿಯಲಿಲ್ಲ.

ರಘುನಾಥ್ ಮೇಷ್ಟ್ರು ಫೋಟೋಗಳನ್ನು ಬಹಳ ಹೊತ್ತು ನೋಡಿದರು. "ಹೇಳೋಕಾಗಲ್ಲಮ್ಮ. ಬಲೆ ದಾರಕ್ಕೆ ಸಿಕ್ಕಿ ಬೆರಳು ಕಳ್ಕೊಂಡ ಹಕ್ಕಿಗಳು ಬೇರೆಯವೂ ಇರ್ತವೆ."

"ಅಂಗಾರೆ ಅದಲ್ಲ ಅಂತೀರಾ?"

"ಅಲ್ಲ ಅಂತಾನೂ ಹೇಳೋಕಾಗಲ್ಲ."

ಹೌದೆಂದಿದ್ದರೂ, ಅಲ್ಲವೆಂದಿದ್ದರೂ ಅವಳಿಗೆ ನೆಮ್ಮದಿಯಾಗುತ್ತಿತ್ತು. ಒಮ್ಮೊಮ್ಮೆ ಪಾತ್ರೆ ತೊಳೆಯುತ್ತ ಅದೇ ಹಕ್ಕಿ ಎಂದು ಖಚಿತವಾಗುತ್ತಿತ್ತು. ಪಾತ್ರೆ ಒರೆಸಿಡುವಷ್ಟರಲ್ಲಿ ಆ ಖಾತ್ರಿಯೂ ಹೋಗುತ್ತಿತ್ತು.

ಮುಂದಿನ ಡಿಸೆಂಬರಿನಲ್ಲಿ ಅವಳು ಇನ್ನೊಮ್ಮೆ ಹೋಗೋಣವೆಂದಾಗ ಪಿಳ್ಳಪ್ಪ, "ಸ್ವಾಮಿ ಅಲ್ಲೇ ಇರ್ತಾನೆ, ಸರಿ. ಅಕ್ಕಿ ಇರ್ತದಾ?" ಎಂದು ಕೇಳಿದ. ಆದರೂ ಜೊತೆಗೆ ಹೊರಟ. ಮೂರು ದಿನ ಹುಡುಕಿದರೂ ಕುಂಟು ಗೊರವ ಸಿಗಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿದ್ದು ಏಡಿಗಳು ಮರಳಲ್ಲಿ ಬಿಟ್ಟ ಗೀರುಗಳು, ಬಲೆ ಬಿಡಿಸುವ ಹೆಂಗಸರ ಕೈಗಳು, ಪಂಚೆ ಎತ್ತಿಕೊಂಡು ಅಲೆಗೆ ಹೆದರಿ ಓಡುತ್ತಿರುವ ಪಿಳ್ಳಪ್ಪ. ಆ ಫೋಟೋ ನೋಡಿ ಅವನು ಮೊದಲು ಮುನಿಸಿಕೊಂಡ. ಆಮೇಲೆ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ.

ಹೀಗೆ ಮಲ್ಪೆ, ಕಾಪು, ಗೋಕರ್ಣ ಎಂದು ಪ್ರತಿ ಚಳಿಗಾಲ ಕಡಲ ದಾರಿಯಲ್ಲೇ ಕಳೆಯಿತು. 2019ರಲ್ಲಿ ಕಾರವಾರಕ್ಕೆ ಹೊರಟು ನಿಂತಾಗ ನಯನಾ ಕೇಳಿದಳು: "ಅಮ್ಮ, ನಿಜ ಹೇಳು. ಹಕ್ಕಿ ಹುಡುಕೋಕೆ ಹೋಗ್ತೀಯಾ, ಸಮುದ್ರ ನೋಡೋಕಾ?"

ಗಂಗರತ್ನಮ್ಮ ಚೀಲದ ಜಿಪ್ ಹಿಡಿದು ಯೋಚಿಸಿದಳು. "ಗೊತ್ತಿಲ್ಲ ಕಣೇ. ಅಲ್ಲಿಗ್ ಓದ್ರೆ ಗೊತ್ತಾಯ್ತದೆ ಅನ್ಕೊಂಡೇ ಓಯ್ತೀನಿ. ಓದ್ಮೇಲೆ ಕೇಳ್ಕೊಳೋದೇ ಮರ್ತೋಯ್ತದೆ."

ಬಸ್ಸಿಗೆ ಹೊತ್ತಾಯಿತೆಂದು ಪಿಳ್ಳಪ್ಪ ಗೇಟಿನಿಂದ ಕೂಗಿದ.