ಪುಷ್ಪಕ್ಕ ತುಂಬಿಸಿದ ಶೀಟು

ನನಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ. ಮನುಷ್ಯರು ಅಷ್ಟಾಗಿ ಬರುವುದಿಲ್ಲ. ಅರಸೀಕೆರೆಯ ನಮ್ಮ ತೆಂಗಿನಕಾಯಿ ಕಂಪನಿ ನನ್ನನ್ನು ತೆಗೆದುಕೊಂಡದ್ದು ಮೊದಲನೆಯದಕ್ಕೆ. ಹನ್ನೊಂದು ಊರಿನ ಏಜೆಂಟರು ತಮ್ಮಲ್ಲಿ ಎಷ್ಟು ಕಾಯಿ ಇದೆಯೆಂದು ಮೊಬೈಲಿನಲ್ಲೇ ಒಂದು ಶೀಟಿಗೆ ತುಂಬಬೇಕು, ಅದನ್ನು ನೋಡಿ ಲಾರಿ ಹೊರಡಬೇಕು. ಶೀಟು ಮಾಡಿದೆ, ತರಬೇತಿ ಕೊಟ್ಟೆ. ಒಂದು ವಾರ ಯಾರೂ ತುಂಬಲಿಲ್ಲ.

ಮ್ಯಾನೇಜರ್ ನನ್ನೊಬ್ಬನನ್ನೇ ಒಳಗೆ ಕರೆದರು. "ಏಜೆಂಟ್ರನ್ನೇ ಕೇಳ್ತೀವಿ. ಶೀಟು ಹಿಡಿಸಿದ್ರೆ ಫೋನ್ ಮಾಡೋ ಪುಷ್ಪಲತಾ ಅವರನ್ನ ತೆಗೀತೀವಿ. ಹಿಡಿಸದಿದ್ರೆ ನೀವು ಹೊರಡಿ."

ಪುಷ್ಪಕ್ಕ ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಹನ್ನೊಂದೂ ಊರಿಗೆ ಫೋನು ಮಾಡಿ ಕಾಯಿ ಎಷ್ಟೆಂದು ಬರೆದುಕೊಳ್ಳುತ್ತಿದ್ದವರು. ಕಂಪ್ಯೂಟರನ್ನು ಒರೆಸುವುದಕ್ಕಷ್ಟೇ ಮುಟ್ಟುತ್ತಿದ್ದರು.

ಅವರಿಗೆ ಅರ್ಧ ಮಾತ್ರ ಹೇಳಿದೆ. "ಅಕ್ಕ, ಶೀಟು ಓಡದಿದ್ರೆ ನನ್ನ ಕೆಲಸ ಹೋಗುತ್ತೆ."

"ಅಯ್ಯೋ, ಕೆಲಸ ಇದ್ದಾಗ್ಲೇ ನಿಂಗ್ಯಾರೂ ಹೆಣ್ಣು ಕೊಡ್ತಿಲ್ಲ ಕಣೋ!" ಎಂದು ಫೋನೆತ್ತಿದರು. ಮೊದಲು ಕಣಕಟ್ಟೆಯ ಏಜೆಂಟ್ ದೇವೀರಪ್ಪನವರಿಗೆ. "ಮಗನಿಗೆ ಜ್ವರ ಬಿಡ್ತಾ? ಸರಿ, ಆ ಶೀಟು ತುಂಬಿ. ನಿಮ್ಗೆ ಬರದಿದ್ರೆ ಸೊಸೆ ಕೈಗೆ ಕೊಡಿ, ಓದಿದ್ದಾಳೆ."

ಮರುದಿನದಿಂದ ಶೀಟು ತುಂಬಿತು. ಅಭಿಪ್ರಾಯ ಕೇಳಿದಾಗ ಹನ್ನೊಂದು ಜನವೂ 'ತುಂಬಾ ತೃಪ್ತಿ' ಒತ್ತಿದರು. ಹಾಗೆ ಒತ್ತಿ ಎಂದು ಪುಷ್ಪಕ್ಕ ಹಿಂದಿನ ದಿನವೇ ಎಲ್ಲರಿಗೂ ಹೇಳಿಟ್ಟಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ತಡೆಯಲು ಬಾಯಿ ತೆರೆದವನು ಆಕಳಿಸಿ ಮುಚ್ಚಿದೆ.

ತಿಂಗಳ ಕೊನೆಗೆ ಅವರ ಕೈಗೆ ಕಾಗದ ಬಂತು. ಓದಿ ನನ್ನತ್ತ ತಿರುಗಿದರು.

"ನಿಂಗೆ ಮೊದ್ಲೇ ಗೊತ್ತಿತ್ತೇನೋ ಶಶಿ?"

"ಇಲ್ಲಕ್ಕ."

"ಸದ್ಯ," ಎಂದು ಟಿಫನ್ ಡಬ್ಬಿ ಎತ್ತಿಕೊಂಡು ಹೊರಟರು.

ಅವರು ಹೋದ ಮೂರನೇ ದಿನಕ್ಕೆ ಶೀಟು ಖಾಲಿ. ಕಣಕಟ್ಟೆಗೆ ನಾನೇ ಫೋನು ಮಾಡಿದೆ.

"ಪುಷ್ಪಮ್ಮ ಎಲ್ಲವ್ರೆ?" ಎಂದರು ದೇವೀರಪ್ಪ.

"ಈಗ ಕೆಲಸದಲ್ಲಿಲ್ಲ. ಶೀಟು ನೀವೇ ತುಂಬಬೇಕು. ತುಂಬಾ ತೃಪ್ತಿ ಅಂತ ಒತ್ತಿದ್ರಲ್ಲ ಸಾರ್?"

"ಆಯಮ್ಮ ಒತ್ತಿ ಅಂದ್ರು, ಒತ್ತಿದ್ವಿ. ನೀನ್ಯಾರಪ್ಪ?"

ಈಗ ದಿನಾ ಬೆಳಿಗ್ಗೆ ಹಳೆಯ ಸಂಖ್ಯೆಗಳನ್ನೇ ಅಷ್ಟಿಷ್ಟು ತಿದ್ದಿ ಹನ್ನೊಂದೂ ಊರನ್ನು ನಾನೇ ತುಂಬುತ್ತೇನೆ. ನಿನ್ನೆ ಕಣಕಟ್ಟೆಗೆ ಹೋದ ಲಾರಿ ಬರಿದೇ ಬಂತು. ಅಲ್ಲಿನ ಕಾಯಿ ಬೇರೆಯವರ ಪಾಲಾಗಿತ್ತು. ಸೋಮವಾರ ಒಳಗೆ ಬರಲು ಮ್ಯಾನೇಜರ್ ಹೇಳಿದ್ದಾರೆ. ಏಜೆಂಟರಿಗೆ ಒಂದು ಮಾತು ಹೇಳಿ ಎಂದು ಪುಷ್ಪಕ್ಕನನ್ನೇ ಕೇಳೋಣವೆಂದು ಅವರ ನಂಬರ್ ತೆಗೆದು ಎರಡು ಸಲ ನೋಡಿದೆ. ಕೇಳಿದರೆ ಅವರು ಇಲ್ಲ ಎನ್ನುವವರಲ್ಲ.